ಹರಿಯುವ ದ್ರವದಲ್ಲಿ ನಾರು ಎತ್ತ ತಿರುಗುತ್ತದೆ: ಮಾಡಿ ನೋಡಿ ಅಳೆಯಲು ಸಮಗ್ರ ಮಾರ್ಗದರ್ಶಿ

ಗ್ಲಿಸರಿನ್‌ಗೆ ಸಣ್ಣ ನಾರಿನ ತುಂಡು ಹಾಕಿ, ದ್ರವವನ್ನು ಹರಿಸಿ, ನಾರು ಎತ್ತ ಮುಖ ಮಾಡುತ್ತದೆ ಎಂದು ನೋಡುವುದು. ಕೇಳಲು ಬಲು ಸುಲಭದ ಪ್ರಯೋಗ. ಆದರೆ ಮಾಡಿದವರಲ್ಲಿ ಬಹಳಷ್ಟು ಜನ ಎಡವುವುದು ಅದೇ ಎರಡು ಕಡೆ.

ಕೆಲವರು "ನಾರುಗಳೆಲ್ಲ ಹರಿವಿನ ಉದ್ದಕ್ಕೆ ಸಾಲಾಗಿ ನಿಂತವು" ಎಂದು ಬರೆದು ಮುಗಿಸಿಬಿಡುತ್ತಾರೆ. ಅವು ನಿಂತಿರುವುದಿಲ್ಲ. ಇನ್ನು ಕೆಲವರು ನಾರು ತಿರುಗುವುದನ್ನು ಸರಿಯಾಗಿಯೇ ನೋಡುತ್ತಾರೆ, ಸಮಯ ಅಳೆಯುತ್ತಾರೆ, ಆದರೆ ಹಂತ 6ರ ಸೂತ್ರ ಹೇಳುವುದರ ಅರ್ಧ ಮಾತ್ರ ಬರುತ್ತದೆ. ಆಮೇಲೆ ಗ್ಲಿಸರಿನ್ ಹಳೆಯದು, ಕೋಣೆ ಬಿಸಿ, ಮೋಟಾರ್ ಸರಿಯಿಲ್ಲ ಎಂದು ಸಿಕ್ಕಿದ್ದರ ಮೇಲೆಲ್ಲ ತಪ್ಪು ಹೊರಿಸುತ್ತಾರೆ. ತಪ್ಪು ಇರುವುದು ಎಣಿಕೆಯಲ್ಲಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತ 4 ಬಿಟ್ಟು ಮುಂದೆ ಹೋಗಬೇಡಿ.

## ಶುರು ಮಾಡುವ ಮುನ್ನ: ನಾರು ನಿಜವಾಗಿ ಏನು ಮಾಡುತ್ತದೆ

ದ್ರವದ ಪಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಜಾರಿದರೆ ಅದು ಶಿಯರ್ ಹರಿವು. ಅದರಲ್ಲಿ ನಾರು ಅಡ್ಡ ನಿಂತರೆ ಒಂದು ತುದಿ ವೇಗದ ಪದರದಲ್ಲಿರುತ್ತದೆ, ಇನ್ನೊಂದು ನಿಧಾನದ ಪದರದಲ್ಲಿ. ಹಾಗಾಗಿ ಸರ್ರನೆ ತಿರುಗುತ್ತದೆ. ಹರಿವಿನ ಉದ್ದಕ್ಕೆ ಮಲಗಿದಾಗ ಮೇಲಿನ ಮೈಗೂ ಕೆಳಗಿನ ಮೈಗೂ ನಡುವಿನ ಅಂತರ ನಾರಿನ ದಪ್ಪದಷ್ಟೇ. ಆಗ ತಿರುಗುವುದು ಆಮೆಗತಿಯಲ್ಲಿ. ಆದರೂ ತಿರುಗುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ತುದಿ ಆಚೆ ಪದರಕ್ಕೆ ಇಣುಕುತ್ತದೆ, ಮತ್ತೆ ಪಲ್ಟಿ.

ನಾವು ಇಲ್ಲಿ ಬಳಸುವ ನಾರಿಗೆ ಅಡ್ಡ ನಿಂತಾಗಿನ ತಿರುಗು ವೇಗ, ಮಲಗಿದಾಗಿನದರ ಸುಮಾರು 128 ಪಟ್ಟು. ಒಟ್ಟು ಸಮಯದ 70 ಶೇಕಡದಷ್ಟು ಅದು ಹರಿವಿನ ದಿಕ್ಕಿನಿಂದ 10 ಡಿಗ್ರಿಯೊಳಗೇ ಇರುತ್ತದೆ. ಯಾವುದೋ ಒಂದು ಕ್ಷಣದ ಫೋಟೊ ತೆಗೆದರೆ ಎಲ್ಲ ನಾರೂ ಸಾಲಾಗಿ ನಿಂತಂತೆ ಕಾಣುವುದು ಇದಕ್ಕೇ.

ಇನ್ನೊಂದು ಮಾತು. ನಾರಿನ ಕೋನವನ್ನು ನಿರ್ಧರಿಸುವುದು ಹರಿವಿನ ವೇಗ ಅಲ್ಲ, ದ್ರವದ ಜಿಗುಟೂ ಅಲ್ಲ. ದ್ರವ ಒಟ್ಟು ಎಷ್ಟು ಜಾರಿದೆ ಎಂಬುದಷ್ಟೇ. ವೇಗ ಎರಡು ಪಟ್ಟು ಮಾಡಿದರೆ ಅದೇ ನಾಟಕ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ, ಬೇರೆ ನಾಟಕ ಆಗುವುದಿಲ್ಲ. ಈ ಮಾತಿಗೆ ಒಂದೇ ಷರತ್ತು: ದ್ರವ ಸಾಕಷ್ಟು ಜಿಗುಟಾಗಿರಬೇಕು, ನಾರು ನೆಟ್ಟಗಿರಬೇಕು. ಮುಂದಿನ ಮೂರು ಹಂತಗಳು ಆ ಷರತ್ತನ್ನು ಪೂರೈಸುವುದಕ್ಕಾಗಿಯೇ ಇವೆ.

## ಬೇಕಾದ ಸಾಮಾನು

ಚಪ್ಪಟೆ ತಳದ ಪಾರದರ್ಶಕ ದುಂಡು ಪಾತ್ರೆ, ಒಳ ತ್ರಿಜ್ಯ 55 ಮಿ.ಮೀ. ಅದರ ನಡುವೆ ತಿರುಗುವ ಒಂದು ಸಿಲಿಂಡರ್, ತ್ರಿಜ್ಯ 40 ಮಿ.ಮೀ. ಎರಡರ ನಡುವಿನ ಸಂದು 15 ಮಿ.ಮೀ. ನಿಮ್ಮ ಬಳಿ ಇರುವ ಪಾತ್ರೆಯ ಅಳತೆ ಬೇರೆ ಇರಬಹುದು, ಲೆಕ್ಕ ಬದಲಿಸಿಕೊಂಡರೆ ಆಯಿತು. ಸಂದು ಮಾತ್ರ ನಾರಿನ ಉದ್ದದ ಐದು ಪಟ್ಟಿಗಿಂತ ಕಡಿಮೆ ಇರಬಾರದು.

ಶುದ್ಧ ಗ್ಲಿಸರಿನ್ ಸುಮಾರು 400 ಮಿಲಿಲೀಟರ್. ನೆಟ್ಟಗಿನ, ಬಣ್ಣದ ನೈಲಾನ್ ಎಳೆಗಳು. ಹೊಸ ಟೂತ್‌ಬ್ರಷ್‌ನ ಕಡು ಬಣ್ಣದ ಎಳೆ ಇದಕ್ಕೆ ಹೇಳಿ ಮಾಡಿಸಿದಂತಿದೆ: ಸುಮಾರು 0.2 ಮಿ.ಮೀ. ದಪ್ಪ, ನೆಟ್ಟಗೆ, ಬಿರುಸು. ಹರಿತವಾದ ಬ್ಲೇಡ್, ಅಂಟು ಟೇಪ್, ಚಿಮಟ, ಕೆಳಗಿನಿಂದ ಬೆಳಕು ಬಿಡಲು ಬಿಳಿ ಹಾಳೆ ಮತ್ತು ದೀಪ, ಮೇಲಿನಿಂದ ವಿಡಿಯೊ ತೆಗೆಯಲು ಫೋನ್ ಮತ್ತು ಅದನ್ನು ಹಿಡಿಯುವ ಸ್ಟ್ಯಾಂಡ್.

ಮೋಟಾರ್? ನಿಮಿಷಕ್ಕೆ 5 ಸುತ್ತು ತಿರುಗುವ ಗೇರ್ ಮೋಟಾರ್ ಇದ್ದರೆ ಅನುಕೂಲ. ಇಲ್ಲದಿದ್ದರೆ ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಒಟ್ಟು ಜಾರಿದ್ದೇ ಲೆಕ್ಕ ಅಂದ ಮೇಲೆ ಕೈ ಸ್ವಲ್ಪ ಏರುಪೇರಾದರೂ ಉತ್ತರ ಕೆಡುವುದಿಲ್ಲ. ಮೋಟಾರ್ ಸಿಗದೆ ಪ್ರಯೋಗ ಬಿಟ್ಟವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

## ಹಂತ 1: ನಾರು ಕತ್ತರಿಸುವುದು

ಎಳೆಗಳನ್ನು ಒಂದರ ಪಕ್ಕ ಒಂದು ಟೇಪ್ ಮೇಲೆ ಅಂಟಿಸಿ. ಅಳತೆಪಟ್ಟಿ ಇಟ್ಟು 3 ಮಿ.ಮೀ. ಉದ್ದಕ್ಕೆ ಬ್ಲೇಡಿನಿಂದ ಒತ್ತಿ ಕತ್ತರಿಸಿ. ಕತ್ತರಿ ಬೇಡ. ಕತ್ತರಿ ತುದಿಯನ್ನು ಜಜ್ಜುತ್ತದೆ, ತುದಿಯ ಆಕಾರ ತಿರುಗುವ ಅವಧಿಯ ಮೇಲೆ ಪರಿಣಾಮ ಬೀರುತ್ತದೆ.

ಎಳೆಯ ಮೇಲ್ತುದಿ ದುಂಡಗಿರುತ್ತದೆ ಅಥವಾ ಸಪೂರ ಆಗಿರುತ್ತದೆ. ಅದನ್ನು ಎಸೆದು ನಡುವಿನ ಭಾಗ ಮಾತ್ರ ಬಳಸಿ. ಕತ್ತರಿಸಿದ್ದರಲ್ಲಿ ಹತ್ತಿಪ್ಪತ್ತು ತುಂಡು ಹಿಗ್ಗಿಸುವ ಮಸೂರದಲ್ಲಿ ನೋಡಿ ಅಳೆಯಿರಿ. ಉದ್ದ 10 ಶೇಕಡ ಹೆಚ್ಚುಕಮ್ಮಿ ಆದರೆ ಅವಧಿಯೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುಕಮ್ಮಿ ಆಗುತ್ತದೆ.

ಮೂರ್ನಾಲ್ಕು ತುಂಡುಗಳ ಒಂದು ತುದಿಗೆ ಮಾತ್ರ ಬೇರೆ ಬಣ್ಣದ ಮಾರ್ಕರ್ ಇಂಕ್ ಹಚ್ಚಿ ಒಣಗಿಸಿ. ಈ ಸಣ್ಣ ಕೆಲಸವನ್ನು ಎಲ್ಲರೂ ಬಿಡುತ್ತಾರೆ. ಹಂತ 5ರಲ್ಲಿ ಇದು ಯಾಕೆ ಬೇಕು ಎಂದು ತಿಳಿಯುತ್ತದೆ.

ಹೊಲಿಗೆ ನೂಲು ಬಳಸಬೇಡಿ. ನನ್ನ ಮೊದಲ ಪ್ರಯತ್ನ ನೂಲಿನಲ್ಲೇ ಇತ್ತು. ಅದು ಹಾವಿನಂತೆ ಬಳುಕಿತು, ಮಡಚಿಕೊಂಡಿತು, ಬಿಚ್ಚಿಕೊಂಡಿತು. ನೋಡಲು ಚೆಂದ, ಅಳೆಯಲು ಏನೂ ಇಲ್ಲ. ಮೀನು ಹಿಡಿಯುವ ನೈಲಾನ್ ದಾರವೂ ಸುತ್ತಿಟ್ಟ ಬಳುಕನ್ನು ಬಿಡುವುದಿಲ್ಲ. ಒಂದಿಷ್ಟು ಬಾಗಿದ ನಾರು ನೆಟ್ಟಗಿನ ನಾರಿನ ಹಾದಿ ಹಿಡಿಯುವುದಿಲ್ಲ, ಪ್ರತಿ ಪಲ್ಟಿಗೂ ಪಕ್ಕಕ್ಕೆ ಸರಿಯಬಹುದು.

## ಹಂತ 2: ಗ್ಲಿಸರಿನ್ ಸಿದ್ಧ ಮಾಡುವುದು

ಗ್ಲಿಸರಿನ್ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತನ್ನಿ. ಬಿಸಿಯಾದಾಗ ತೆಳ್ಳಗಾಗುತ್ತದೆ, ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ. ಆಮೇಲೆ ಮುಚ್ಚಿಟ್ಟು ಆರಲು ಬಿಡಿ. ಮುಚ್ಚದಿದ್ದರೆ ಗಾಳಿಯ ತೇವ ಹೀರುತ್ತದೆ.

ನಾರುಗಳನ್ನೂ ಬೇರೆ ಬಟ್ಟಲಿನಲ್ಲಿ ಬೆಚ್ಚಗಿನ ಗ್ಲಿಸರಿನ್‌ನಲ್ಲಿ ನೆನೆಹಾಕಿ. ಒಣ ನಾರನ್ನು ನೇರ ಹಾಕಿದರೆ ಮೈಗೆ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತದೆ. ಒಂದು ತುದಿಯಲ್ಲಿ ಗುಳ್ಳೆ ಇರುವ ನಾರು ಆ ತುದಿ ಮೇಲೆ ಮಾಡಿ ನೆಟ್ಟಗೆ ನಿಲ್ಲಲು ನೋಡುತ್ತದೆ. ಅದನ್ನು ಹರಿವಿನ ಕೆಲಸ ಎಂದು ತಿಳಿದು ಮೋಸ ಹೋದವರಿದ್ದಾರೆ.

ಇಲ್ಲಿ ಓದಿಕೊಂಡವರು ಮಾಡುವ ಒಂದು ತಪ್ಪಿದೆ. ಗ್ಲಿಸರಿನ್ ಸಾಂದ್ರತೆ 1.26, ನೈಲಾನ್‌ನದ್ದು ಬಗೆಗೆ ತಕ್ಕಂತೆ 1.06ರಿಂದ 1.15. ನಾರು ತೇಲಬಾರದು ಎಂದು ಅವರು ನೀರು ಬೆರೆಸಿ ಸಾಂದ್ರತೆ ಸರಿದೂಗಿಸುತ್ತಾರೆ. 1.15ಕ್ಕೆ ಇಳಿಸಬೇಕಾದರೆ ತೂಕದಲ್ಲಿ 40 ಶೇಕಡಕ್ಕೂ ಜಾಸ್ತಿ ನೀರು ಬೇಕು. ಆಗ ಜಿಗುಟು ನೂರು ಪಟ್ಟಿಗಿಂತ ಹೆಚ್ಚು ಕುಸಿಯುತ್ತದೆ. 20 ಡಿಗ್ರಿಯಲ್ಲಿ ಶುದ್ಧ ಗ್ಲಿಸರಿನ್‌ನ ಸ್ನಿಗ್ಧತೆ ಸುಮಾರು 1.4 ಪಾಸ್ಕಲ್-ಸೆಕೆಂಡ್, ಆ ಮಿಶ್ರಣದ್ದು 0.01ರ ಹತ್ತಿರ. ಸಣ್ಣ ತೊಂದರೆ ತಪ್ಪಿಸಲು ಹೋಗಿ ಪ್ರಯೋಗದ ಬುಡವನ್ನೇ ಕಡಿದಂತಾಯಿತು. ಶುದ್ಧ ಗ್ಲಿಸರಿನ್‌ನಲ್ಲಿ ನಮ್ಮ ನಾರು ಏರುವುದು 20 ಡಿಗ್ರಿಯಲ್ಲಿ ನಿಮಿಷಕ್ಕೆ ಒಂದು ಮಿ.ಮೀ.ಗಿಂತ ಕಡಿಮೆ. ಏರಲಿ ಬಿಡಿ.

ಬರೀ ನೀರಿನಲ್ಲಿ ಮಾಡಬಹುದಾ? ಆಗುವುದಿಲ್ಲ. ಇದೇ ಪಾತ್ರೆ, ಇದೇ ವೇಗ, ನೀರು ಹಾಕಿದರೆ ಹರಿವು ಸರಳವಾಗಿ ಉಳಿಯುವುದಿಲ್ಲ. ಒಳ ಸಿಲಿಂಡರಿನ ಸುತ್ತ ಬಳೆ ಪೇರಿಸಿದಂತೆ ಸುಳಿಗಳು ಏಳುತ್ತವೆ. ಶಾಂಪೂ, ಗೋಂದು ಕೂಡ ಬೇಡ. ಅವುಗಳಿಗೆ ರಬ್ಬರಿನಂಥ ಎಳೆತ ಇರುತ್ತದೆ. ಅದರಲ್ಲಿ ನಾರು ನಿಧಾನವಾಗಿ ಪಲ್ಟಿ ಬಿಟ್ಟು, ಹರಿವಿಗೆ ಅಡ್ಡಲಾಗಿ ಪೆನ್ಸಿಲಿನಂತೆ ಉರುಳುವ ಸ್ಥಿತಿಗೆ ಜಾರಬಹುದು.

## ಹಂತ 3: ಜೋಡಿಸುವುದು

ಒಳ ಸಿಲಿಂಡರನ್ನು ಪಾತ್ರೆಯ ನಟ್ಟನಡುವೆ, ತಳದಿಂದ 10 ಮಿ.ಮೀ. ಮೇಲೆ ನಿಲ್ಲಿಸಿ. ಪಕ್ಕದಲ್ಲಿ ಒಂದು ಸೂಜಿಯನ್ನು ಸಿಲಿಂಡರಿಗೆ ತಾಗಿಯೂ ತಾಗದಂತೆ ಹಿಡಿದು ಒಂದು ಸುತ್ತು ತಿರುಗಿಸಿ. ಸೂಜಿಗೂ ಸಿಲಿಂಡರಿಗೂ ನಡುವಿನ ಸಂದು ಅರ್ಧ ಮಿ.ಮೀ.ಗಿಂತ ಜಾಸ್ತಿ ಬದಲಾದರೆ ಅಕ್ಷ ಓರೆ ಇದೆ ಎಂದರ್ಥ. ಈಗಲೇ ಸರಿ ಮಾಡಿ, ಗ್ಲಿಸರಿನ್ ಸುರಿದ ಮೇಲೆ ಕೈ ಜಾರುತ್ತದೆ.

ಸಿಲಿಂಡರಿನ ಮೇಲ್ಮೈಗೆ ಒಂದು ಗೆರೆ ಎಳೆಯಿರಿ, ಸುತ್ತು ಎಣಿಸಲು. ಗ್ಲಿಸರಿನ್ ಅನ್ನು ಪಾತ್ರೆಯ ಗೋಡೆಗುಂಟ ನಿಧಾನವಾಗಿ ಸುರಿಯಿರಿ. ಸಿಲಿಂಡರಿನ ಸುತ್ತ 60 ಮಿ.ಮೀ. ಆಳ ಬರಲಿ.

ಕ್ಯಾಮೆರಾ ಮೇಲಿಂದಲೇ ಇರಬೇಕು, ಅರ್ಧ ಮೀಟರ್ ಎತ್ತರದಲ್ಲಿ, ನೇರ ಕೆಳಗೆ ನೋಡುವಂತೆ. ಪಕ್ಕದಿಂದ ತೆಗೆದರೆ ದುಂಡು ಗಾಜು ಮಸೂರದಂತೆ ವರ್ತಿಸಿ ನಾರನ್ನು ಅಡ್ಡಕ್ಕೆ ಹಿಗ್ಗಿಸುತ್ತದೆ, ಕೋನ ಎಲ್ಲ ತಪ್ಪುತ್ತದೆ. ಅದಕ್ಕಿಂತ ಮುಖ್ಯ ಅಂದರೆ, ಪಲ್ಟಿ ನಡೆಯುವುದು ಅಡ್ಡ ಮಟ್ಟದಲ್ಲಿ, ಅಂದರೆ ನೆಲಕ್ಕೆ ಸಮಾನಾಂತರವಾಗಿ. ಅದು ಸರಿಯಾಗಿ ಕಾಣುವುದು ಮೇಲಿಂದ ಮಾತ್ರ.

## ಹಂತ 4: ಮುಂದೆ-ಹಿಂದೆ ಪರೀಕ್ಷೆ

ಇದು ಅಳತೆ ಅಲ್ಲ. ನಿಮ್ಮ ಪಾತ್ರೆ, ದ್ರವ, ನಾರು ಮೂರೂ ನಂಬಿಕೆಗೆ ಯೋಗ್ಯವೇ ಎಂಬ ತನಿಖೆ.

ಒಂದೇ ಒಂದು ನಾರನ್ನು ಚಿಮಟದಲ್ಲಿ ಹಿಡಿದು ಸಂದಿನ ನಡುವೆ, ಅರ್ಧ ಆಳದಲ್ಲಿ, ಅಡ್ಡ ಮಟ್ಟದಲ್ಲಿ ಬಿಡಿ. ಕೋನ ಗುರುತು ಮಾಡಿಕೊಳ್ಳಿ. ಸಿಲಿಂಡರನ್ನು ಸರಿಯಾಗಿ ಮೂರು ಸುತ್ತು ಮುಂದಕ್ಕೆ ತಿರುಗಿಸಿ. ನಾರು ಎಲ್ಲೋ ಹೋಗುತ್ತದೆ, ಹೇಗೋ ತಿರುಗುತ್ತದೆ. ಈಗ ಅಷ್ಟೇ ಮೂರು ಸುತ್ತು ಹಿಂದಕ್ಕೆ. ನಾರು ಹೊರಟ ಜಾಗಕ್ಕೆ, ಹೊರಟ ಕೋನಕ್ಕೆ ವಾಪಸ್ ಬರಬೇಕು. ಹೋಗುವಾಗ ಬೇಗ ತಿರುಗಿಸಿ ಬರುವಾಗ ನಿಧಾನ ಮಾಡಿದರೂ ವಾಪಸ್ ಬರಬೇಕು.

ಐದು ಡಿಗ್ರಿಯೊಳಗೆ ಬಂದರೆ ಮುಂದೆ ಹೋಗಿ. ಬರಲಿಲ್ಲವಾ? ಕಾರಣಗಳು ಹೆಚ್ಚಿಲ್ಲ: ದ್ರವಕ್ಕೆ ನೀರು ಸೇರಿದೆ, ನಾರು ಮೆತ್ತಗಿದೆ, ಗುಳ್ಳೆ ಅಂಟಿದೆ, ನಾರು ಗೋಡೆಗೆ ತಾಗಿದೆ, ಇಲ್ಲವೇ ನೀವು ತುಂಬ ಜೋರಾಗಿ ತಿರುಗಿಸಿದ್ದೀರಿ. ಒಂದೊಂದನ್ನೇ ತೆಗೆದುಹಾಕುತ್ತಾ ಮತ್ತೆ ಮಾಡಿ. ಈ ಪರೀಕ್ಷೆ ಪಾಸಾಗದ ಪಾತ್ರೆಯಲ್ಲಿ ಮಾಡಿದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ.

## ಹಂತ 5: ಒಂದು ನಾರಿನ ಪಲ್ಟಿ ಎಣಿಸುವುದು

ತುದಿಗೆ ಬಣ್ಣ ಹಚ್ಚಿದ ನಾರನ್ನು ಈಗ ಬಿಡಿ. ವಿಡಿಯೊ ಶುರು ಮಾಡಿ, ಸಿಲಿಂಡರನ್ನು ನಿಮಿಷಕ್ಕೆ 5 ಸುತ್ತಿನಂತೆ ತಿರುಗಿಸಿ.

ನಾರು ದ್ರವದ ಜೊತೆ ಪಾತ್ರೆಯನ್ನು ಸುತ್ತುತ್ತಾ ಹೋಗುತ್ತದೆ. ಸಂದಿನ ನಡುವೆ ಇದ್ದರೆ ಒಂದು ಸುತ್ತಿಗೆ ಸುಮಾರು 31 ಸೆಕೆಂಡ್. ಇದು ನಾರಿನ ಪಲ್ಟಿ ಅಲ್ಲ, ಬರೀ ಪ್ರಯಾಣ. ಕೋನವನ್ನು ಪರದೆಯ ಅಂಚಿಗೆ ಹೋಲಿಸಿ ಅಳೆದರೆ ಎರಡೂ ಕಲಸಿಹೋಗುತ್ತವೆ. ನಾರು ಆ ಕ್ಷಣ ಎಲ್ಲಿದೆಯೋ ಅಲ್ಲಿ ವೃತ್ತಕ್ಕೆ ಸ್ಪರ್ಶರೇಖೆ ಎಳೆದು, ಆ ರೇಖೆಗೂ ನಾರಿಗೂ ನಡುವಿನ ಕೋನ ಅಳೆಯಿರಿ. ಸ್ಪರ್ಶರೇಖೆಯೇ ಅಲ್ಲಿನ ಹರಿವಿನ ದಿಕ್ಕು.

ಈಗ ಎಣಿಕೆ. ನಾರಿನ ಎರಡೂ ತುದಿ ಒಂದೇ ಥರ ಕಾಣುವುದರಿಂದ ಅರ್ಧ ಸುತ್ತು ತಿರುಗಿದೊಡನೆ "ಮೊದಲಿನ ಹಾಗೆ ಆಯಿತು" ಅನಿಸುತ್ತದೆ. ಸೂತ್ರ ಹೇಳುವ ಅವಧಿ ಪೂರ್ತಿ 360 ಡಿಗ್ರಿಯದ್ದು. ಎರಡು ಪಲ್ಟಿ ಸೇರಿದರೆ ಒಂದು ಅವಧಿ. ಉತ್ತರ ಅರ್ಧ ಬರುವ ಆ ಹಳೇ ದೂರಿಗೆ ಇದೇ ಕಾರಣ. ಬಣ್ಣದ ತುದಿ ಮತ್ತೆ ಮೊದಲಿನ ಕಡೆಗೇ ಬರುವ ತನಕ ಕಾಯಿರಿ.

ಒಂದು ಪಲ್ಟಿಗೂ ಮುಂದಿನದಕ್ಕೂ ನಡುವೆ ಸುಮಾರು 23 ಸೆಕೆಂಡ್ ಇರುತ್ತದೆ. ಅದರಲ್ಲಿ ನಾರು 45 ಡಿಗ್ರಿಗಿಂತ ಹೆಚ್ಚು ಅಡ್ಡ ನಿಂತಿರುವುದು ಒಂದೂಕಾಲು ಸೆಕೆಂಡ್ ಮಾತ್ರ. ಐದು ಸೆಕೆಂಡಿಗೊಂದು ಫೋಟೊ ತೆಗೆದರೆ ಪಲ್ಟಿಯೇ ಕಾಣುವುದಿಲ್ಲ. ಹಾಗಾಗಿ ವಿಡಿಯೊ ಬೇಕೇ ಬೇಕು.

ಗೋಡೆಯಿಂದ ಒಂದು ನಾರಿನ ಉದ್ದದೊಳಗೆ ಇರುವುದನ್ನು ಎಣಿಸಬೇಡಿ. ಅಲ್ಲಿ ಪಲ್ಟಿ ಹೊಡೆಯುವಾಗ ತುದಿ ಗೋಡೆಗೆ ಊರಿಕೊಂಡು ನಾರು ಆಚೆಗೆ ತಳ್ಳಿಸಿಕೊಳ್ಳುತ್ತದೆ. ಮೇಲ್ಮೈಗೆ ಬಂದು ಅಂಟಿಕೊಂಡ ನಾರೂ ಲೆಕ್ಕಕ್ಕಿಲ್ಲ.

## ಹಂತ 6: ಲೆಕ್ಕ ಹಾಕುವುದು

ಗಡಿಯಾರ ಪಕ್ಕಕ್ಕಿಡಿ. ಸೆಕೆಂಡಿನ ಬದಲು ಒಳ ಸಿಲಿಂಡರಿನ ಸುತ್ತುಗಳಲ್ಲಿ ಲೆಕ್ಕ ಮಾಡಿ, ಎಷ್ಟೋ ತಲೆನೋವು ತಪ್ಪುತ್ತದೆ.

ಮೊದಲು ನಾರಿನ ಅನುಪಾತ: ಉದ್ದ 3, ದಪ್ಪ 0.2, ಅಂದರೆ 15. ಆದರೆ ವಿಜ್ಞಾನಿ ಜೆಫ್ರಿ 1922ರಲ್ಲಿ ಕೊಟ್ಟ, ತಿರುಗುವ ಅವಧಿಯ ಸೂತ್ರ ಮೊಟ್ಟೆಯಾಕಾರದ, ತುದಿ ಸಪೂರಾದ ಕಣಕ್ಕೆ. ನಮ್ಮದು ಕತ್ತರಿಸಿದ ಸಿಲಿಂಡರ್. ಅದಕ್ಕೆ ತಿದ್ದಿದ ಅನುಪಾತ ಬೇಕು. ಇನ್ನೊಬ್ಬ ವಿಜ್ಞಾನಿ ಕಾಕ್ಸ್ 1971ರಲ್ಲಿ ಕೊಟ್ಟ ತಿದ್ದುಪಡಿ ಹೀಗಿದೆ: 1.24 × ಅನುಪಾತ ÷ (ಅನುಪಾತದ ನ್ಯಾಚುರಲ್ ಲಾಗ್‌ನ ವರ್ಗಮೂಲ). 15ರ ನ್ಯಾಚುರಲ್ ಲಾಗ್ 2.708, ವರ್ಗಮೂಲ 1.646. ಹಾಗಾಗಿ 18.6 ÷ 1.646 = 11.3.

ಇಲ್ಲಿ ನಿಮಗೆ 17 ಬಂದರೆ ಕ್ಯಾಲ್ಕುಲೇಟರಿನಲ್ಲಿ 10ರ ಆಧಾರದ ಲಾಗ್ ಒತ್ತಿದ್ದೀರಿ. ನಮ್ಮಂಥ ನಾರಿಗೆ ತಿದ್ದಿದ ಅನುಪಾತ ಮೂಲ ಅನುಪಾತಕ್ಕಿಂತ ಚಿಕ್ಕದಿರಬೇಕು. ದೊಡ್ಡದು ಬಂದರೆ ಅಲ್ಲೇ ನಿಲ್ಲಿ.

ಒಂದು ಪೂರ್ತಿ ಅವಧಿಗೆ ಬೇಕಾದ ಒಟ್ಟು ಶಿಯರ್ (ದ್ರವ ಒಟ್ಟು ಜಾರಿದ ಅಳತೆ) = 2 × 3.1416 × (11.3 + 1 ÷ 11.3) = ಸುಮಾರು 71.6.

ಸಿಲಿಂಡರ್ ಒಂದು ಸುತ್ತು ತಿರುಗಿದರೆ ಎಷ್ಟು ಶಿಯರ್ ಸಿಗುತ್ತದೆ? ಒಳ ತ್ರಿಜ್ಯದ ವರ್ಗ 1600, ಹೊರ ತ್ರಿಜ್ಯದ ವರ್ಗ 3025. ಎರಡನ್ನೂ ಗುಣಿಸಿ, ಅವುಗಳ ವ್ಯತ್ಯಾಸ 1425ರಿಂದ ಭಾಗಿಸಿ, 4 × 3.1416ರಿಂದ ಗುಣಿಸಿ. ಸುಮಾರು 42,680 ಬರುತ್ತದೆ. ಇದನ್ನು ನಾರು ಇರುವ ತ್ರಿಜ್ಯದ ವರ್ಗದಿಂದ ಭಾಗಿಸಿ. ನಡುವೆ, ಅಂದರೆ 47.5 ಮಿ.ಮೀ.ನಲ್ಲಿ, ಸುತ್ತಿಗೆ 18.9. ಆದ್ದರಿಂದ ಒಂದು ಅವಧಿಗೆ 71.6 ÷ 18.9 = 3.8 ಸುತ್ತು. ಪಲ್ಟಿಯೊಂದಕ್ಕೆ 1.9 ಸುತ್ತು.

ನಾರು ಎಲ್ಲಿದೆ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 44 ಮಿ.ಮೀ.ನಲ್ಲಿದ್ದರೆ 3.2 ಸುತ್ತು ಸಾಕು, 51ರಲ್ಲಿದ್ದರೆ 4.4 ಬೇಕು. ಒಳಗೋಡೆಯ ಹತ್ತಿರ ಶಿಯರ್, ಹೊರಗೋಡೆಯದರ ಹೆಚ್ಚುಕಡಿಮೆ ಎರಡು ಪಟ್ಟು. "ಗೋಡೆಯ ವೇಗ ಭಾಗಿಸು ಸಂದು" ಎಂಬ ಶಾರ್ಟ್‌ಕಟ್ ಇಲ್ಲಿ 10 ಶೇಕಡಕ್ಕೂ ಜಾಸ್ತಿ ತಪ್ಪು ಕೊಡುತ್ತದೆ. ಪ್ರತಿ ನಾರಿನ ತ್ರಿಜ್ಯ ವಿಡಿಯೊದಲ್ಲಿ ಅಳೆದೇ ಲೆಕ್ಕ ಮಾಡಿ.

ಎರಡನೇ ಸಲ ನಿಮಿಷಕ್ಕೆ 10 ಸುತ್ತಿನಲ್ಲಿ ಮಾಡಿ. ಸೆಕೆಂಡ್ ಅರ್ಧವಾಗುತ್ತದೆ, ಸುತ್ತಿನ ಲೆಕ್ಕ ಅದೇ 3.8. ಇದನ್ನು ಕಣ್ಣಾರೆ ನೋಡಿದ ಮೇಲೆ "ವೇಗ ಹೆಚ್ಚಿಸಿದರೆ ಚೆನ್ನಾಗಿ ಸಾಲಾಗುತ್ತದೆ" ಎಂದು ಯಾರೂ ಹೇಳುವುದಿಲ್ಲ.

## ಹಂತ 7: ಹಲವು ನಾರುಗಳ ಸರಾಸರಿ

ಈಗ ಐವತ್ತು ನಾರು ಹಾಕಿ, ಇಪ್ಪತ್ತು ಸುತ್ತು ತಿರುಗಿಸಿ, ಆಮೇಲೆ ವಿಡಿಯೊದಿಂದ ದೂರ ದೂರದ ಕೆಲವು ಫ್ರೇಮ್ ಆರಿಸಿ ಎಲ್ಲ ನಾರಿನ ಕೋನ ಬರೆದುಕೊಳ್ಳಿ. ಮೊದಲ ಕೆಲವು ಸುತ್ತು ಬಿಡುವುದಕ್ಕೆ ಕಾರಣ ಇದೆ. ಶುರುವಿನಲ್ಲಿ ನೀವು ಹೇಗೆ ಹಾಕಿದಿರೋ ಅದರ ನೆನಪು ಉಳಿದಿರುತ್ತದೆ. ಉದ್ದ, ಜಾಗ ಬೇರೆ ಬೇರೆ ಇರುವುದರಿಂದ ಕ್ರಮೇಣ ತಾಳ ತಪ್ಪಿ ಚೆದುರುತ್ತವೆ.

ಕೋನಗಳ ಸುಮ್ನೆ ಸರಾಸರಿ ತೆಗೆಯಬೇಡಿ. ನಾರಿಗೆ ತಲೆ-ಬಾಲ ಇಲ್ಲ. 1 ಡಿಗ್ರಿ ಮತ್ತು 179 ಡಿಗ್ರಿ ಹೆಚ್ಚುಕಡಿಮೆ ಒಂದೇ ದಿಕ್ಕು. ಸರಾಸರಿ ತೆಗೆದರೆ 90 ಬರುತ್ತದೆ, ಅಂದರೆ ನಾರು ಅಡ್ಡ ನಿಂತಿದೆ ಎಂಬ ಸುಳ್ಳು.

ಸರಿಯಾದ ದಾರಿ: ಪ್ರತಿ ಕೋನವನ್ನು ಎರಡರಿಂದ ಗುಣಿಸಿ. ಅದರ ಕೊಸೈನ್‌ಗಳ ಸರಾಸರಿ ಮತ್ತು ಸೈನ್‌ಗಳ ಸರಾಸರಿ ತೆಗೆಯಿರಿ. ಆ ಎರಡು ಸೂಚಿಸುವ ಕೋನದ ಅರ್ಧವೇ ಸರಾಸರಿ ದಿಕ್ಕು. ಎರಡರ ವರ್ಗಗಳ ಮೊತ್ತದ ವರ್ಗಮೂಲ ಸಾಲಿನ ಮಟ್ಟ: 1 ಬಂದರೆ ಎಲ್ಲ ಒಂದೇ ದಿಕ್ಕು, 0 ಬಂದರೆ ಚೆಲ್ಲಾಪಿಲ್ಲಿ. ಉದಾಹರಣೆಗೆ 2, 176, 8, 171, 15 ಡಿಗ್ರಿ ತೆಗೆದುಕೊಳ್ಳಿ. ನೇರ ಸರಾಸರಿ 74.4, ಅರ್ಥವಿಲ್ಲದ ಸಂಖ್ಯೆ. ಎರಡು ಪಟ್ಟಿನ ದಾರಿಯಲ್ಲಿ ದಿಕ್ಕು 2.4 ಡಿಗ್ರಿ, ಸಾಲಿನ ಮಟ್ಟ 0.96.

ಕಡಿಮೆ ನಾರು ಅಳೆದರೆ ಇಲ್ಲದ ಸಾಲು ಇದ್ದಂತೆ ಕಾಣುತ್ತದೆ. ಪೂರ್ತಿ ಚೆಲ್ಲಾಪಿಲ್ಲಿ ಇರುವ 25 ನಾರು ಅಳೆದರೂ ಸಾಲಿನ ಮಟ್ಟ ಸರಾಸರಿ 0.18ರ ಹತ್ತಿರ ಬರುತ್ತದೆ. 400 ಅಳೆದರೆ ಅದು 0.04ಕ್ಕೆ ಇಳಿಯುತ್ತದೆ. ಹಾಗಾಗಿ ಎಲ್ಲ ಫ್ರೇಮ್ ಸೇರಿ ಕನಿಷ್ಠ 200–300 ಅಳತೆ ಇರಲಿ.

ಕೆಲವು ನಾರು ಮೇಲಿಂದ ಗಿಡ್ಡವಾಗಿ, ಇಲ್ಲವೇ ಬರೀ ಚುಕ್ಕೆಯಾಗಿ ಕಾಣುತ್ತವೆ. ಅವು ನೆಟ್ಟಗೆ ನಿಂತು ತಮ್ಮ ಅಕ್ಷದ ಮೇಲೇ ಬುಗುರಿಯಂತೆ ಸುತ್ತುತ್ತಿರುತ್ತವೆ. ಕೋನ ಸಿಗುವುದಿಲ್ಲ ಎಂದು ಅವನ್ನು ಬಿಟ್ಟುಬಿಟ್ಟರೆ ನಿಮ್ಮ ಲೆಕ್ಕ ಪಲ್ಟಿ ಹೊಡೆಯುವವುಗಳ ಕಡೆಗೆ ವಾಲುತ್ತದೆ. ಕಂಡ ಉದ್ದವನ್ನು 3ರಿಂದ ಭಾಗಿಸಿ ಎಷ್ಟು ಓರೆ ಇದೆ ಎಂದು ಬೇರೆ ಪಟ್ಟಿ ಮಾಡಿ. ಓರೆ ನಿಂತು ಪಲ್ಟಿ ಹೊಡೆಯುವ ನಾರಿಗೂ ಅವಧಿ ಅದೇ 3.8 ಸುತ್ತು.

## ಹಂತ 8: ಕಿರಿದಾಗುವ ಮತ್ತು ಅಗಲವಾಗುವ ನಾಲೆ

ಇಲ್ಲಿಯವರೆಗೆ ನೋಡಿದ್ದು ಜಾರುವ ಹರಿವು. ಎಳೆಯುವ ಹರಿವು ಬೇರೆ ಜಾತಿ. ಅದರಲ್ಲಿ ನಾರು ತಿರುಗಿ, ದ್ರವ ಹಿಗ್ಗುವ ದಿಕ್ಕಿಗೆ ಬರುತ್ತದೆ, ಬಂದ ಮೇಲೆ ಪಲ್ಟಿ ಹೊಡೆಯುವುದಿಲ್ಲ.

ಅಕ್ರಿಲಿಕ್ ಹಾಳೆಯಿಂದ ನಾಲೆ ಮಾಡಿ: ಅಗಲ 60 ಮಿ.ಮೀ.ನಿಂದ ನಿಧಾನವಾಗಿ 20ಕ್ಕೆ ಇಳಿಯಲಿ, ಆಳ ಎಲ್ಲೆಡೆ ಒಂದೇ ಇರಲಿ. ಗ್ಲಿಸರಿನ್ ತುಂಬಿ, ನಡುಗೆರೆಯಲ್ಲಿ ನಾರನ್ನು 45 ಡಿಗ್ರಿ ಓರೆಯಾಗಿ ಬಿಟ್ಟು, ನಿಧಾನವಾಗಿ ಹರಿಸಿ. ನಡುಗೆರೆಯಲ್ಲೇ ಇರಬೇಕು, ಬದಿಗೆ ಸರಿದರೆ ಗೋಡೆಯ ಶಿಯರ್ ಸೇರಿಕೊಳ್ಳುತ್ತದೆ.

ನಾಲೆ ಎಷ್ಟು ಪಟ್ಟು ಕಿರಿದಾಯಿತೋ ಆ ಸಂಖ್ಯೆಯ ವರ್ಗದಿಂದ ಕೋನದ ಟ್ಯಾನ್ ಅನ್ನು ಭಾಗಿಸಿ. ಇಲ್ಲಿ 3 ಪಟ್ಟು, ವರ್ಗ 9. 45 ಡಿಗ್ರಿಯ ಟ್ಯಾನ್ 1. 1 ÷ 9ಕ್ಕೆ ಸಿಗುವ ಕೋನ 6.3 ಡಿಗ್ರಿ. ನೀಳ ನಾರಿಗೆ ಇದು ಚೆನ್ನಾಗಿ ಹೊಂದುತ್ತದೆ. ಇಲ್ಲೂ ವೇಗದ ಮಾತೇ ಇಲ್ಲ ನೋಡಿ.

ಈಗ ನಾಲೆಯನ್ನು ತಿರುಗಿಸಿ, 20ರಿಂದ 60ಕ್ಕೆ ಹರಿಸಿ. 10 ಡಿಗ್ರಿಯಲ್ಲಿ ಒಳಹೋದ ನಾರು ಸುಮಾರು 58 ಡಿಗ್ರಿಯಲ್ಲಿ ಹೊರಬರುತ್ತದೆ. ಅಂದರೆ ಅಗಲವಾಗುವ ಹರಿವು ನಾರನ್ನು ಅಡ್ಡ ಹಾಕುತ್ತದೆ. "ನಾರು ಯಾವಾಗಲೂ ಹರಿವಿನ ದಿಕ್ಕಿಗೇ" ಎಂದು ಕಂಠಪಾಠ ಮಾಡಿದವರು ಇದನ್ನು ಒಮ್ಮೆ ಮಾಡಲೇಬೇಕು. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿದಾಗ ಹೊರಪದರದಲ್ಲಿ ನಾರು ಹರಿವಿನುದ್ದಕ್ಕೆ, ನಡುಪದರದಲ್ಲಿ ಅಡ್ಡಕ್ಕೆ ಇರುವುದು ಸಾಮಾನ್ಯ. ಗೋಡೆಯ ಬಳಿ ಜಾರುವ ಹರಿವು, ಕಿರಿದಾದ ಬಾಯಿಂದ ಒಳಬಂದು ಹರಡುವಾಗ ನಡುವೆ ಅಗಲವಾಗುವ ಹರಿವು. ನೀವು ಮಾಡಿದ ಎರಡು ಪ್ರಯೋಗ ಒಂದೇ ತುಂಡಿನಲ್ಲಿ ಕೂತಿರುತ್ತವೆ.

## ಹಂತ 9: ನಾರು ಹೆಚ್ಚಿಸಿದಾಗ

ಮೇಲಿನ ಲೆಕ್ಕಗಳೆಲ್ಲ ಒಂಟಿ ನಾರಿಗೆ. ಪ್ರತಿ ನಾರಿನ ಸುತ್ತ, ಅದರ ಉದ್ದದಷ್ಟೇ ಬದಿಯ ಒಂದು ಘನ ಊಹಿಸಿಕೊಳ್ಳಿ. ಆ ಘನಗಳಿಂದ ಸಂದು ತುಂಬಿಹೋಗುವ ಹೊತ್ತಿಗೆ ನಾರುಗಳು ಒಂದಕ್ಕೊಂದು ಅಡ್ಡ ಬರತೊಡಗುತ್ತವೆ. ನಮ್ಮ ಪಾತ್ರೆಯಲ್ಲಿ ಅದು ಸುಮಾರು 10,000 ನಾರು. ಗಾತ್ರದಲ್ಲಿ ಅರ್ಧ ಶೇಕಡವೂ ಅಲ್ಲ. ಐವತ್ತು ನಾರು ಹಾಕಿ ಎಂದದ್ದು ಈ ಗಡಿಯಿಂದ ಬಹಳ ದೂರ ಇರಲಿ ಎಂದೇ. ಗಾತ್ರದಲ್ಲಿ ಸುಮಾರು 5 ಶೇಕಡ ದಾಟಿದರೆ ಒಂದಕ್ಕೊಂದು ತಾಗದೆ ತಿರುಗಲು ಜಾಗವೇ ಇರುವುದಿಲ್ಲ.

ದಟ್ಟ ಮಿಶ್ರಣದಲ್ಲಿ ಎಲ್ಲ ನಾರೂ ಬಣ್ಣದ್ದಾದರೆ ಏನೂ ಕಾಣುವುದಿಲ್ಲ. ನೂರರಲ್ಲಿ ಒಂದು ಬಣ್ಣದ್ದು, ಉಳಿದವು ಬಣ್ಣವಿಲ್ಲದ ನೈಲಾನ್ ಇರಲಿ. ಗ್ಲಿಸರಿನ್‌ನಲ್ಲಿ ಅವು ಮಸುಕಾಗಿ ಮರೆಯಾಗುತ್ತವೆ. ಆಗ ಪಲ್ಟಿ ನಿಯಮಿತವಾಗಿ ಬರುವುದಿಲ್ಲ, ಅಕ್ಕಪಕ್ಕದವು ಗುದ್ದಿದಾಗ ಬರುತ್ತದೆ. ಇಲ್ಲಿ 3.8 ಸುತ್ತು ಹುಡುಕಬೇಡಿ, ಸಾಲಿನ ಮಟ್ಟ ಮಾತ್ರ ಅಳೆಯಿರಿ.

## ಉತ್ತರ ಹೊಂದದಿದ್ದರೆ ಎಲ್ಲಿ ನೋಡಬೇಕು

ಸರಿಯಾಗಿ ಅರ್ಧ ಬಂದಿದೆ: ಒಂದು ಪಲ್ಟಿಯನ್ನು ಒಂದು ಅವಧಿ ಎಂದು ಎಣಿಸಿದ್ದೀರಿ.

10–15 ಶೇಕಡ ವ್ಯತ್ಯಾಸ, ಪ್ರತಿ ಸಲವೂ ಒಂದೇ ಕಡೆಗೆ: ನಾರಿನ ತ್ರಿಜ್ಯ ಅಳೆದಿಲ್ಲ, ಇಲ್ಲವೇ ದಪ್ಪವನ್ನು ಊಹಿಸಿದ್ದೀರಿ. 0.2 ಎಂದುಕೊಂಡ ಎಳೆ 0.18 ಇರಬಹುದು. ಹತ್ತು ಎಳೆ ಪಕ್ಕಪಕ್ಕ ಇಟ್ಟು ಒಟ್ಟು ಅಗಲ ಅಳೆದು ಹತ್ತರಿಂದ ಭಾಗಿಸಿ.

ಒಂದೇ ನಾರು ಸಲಕ್ಕೊಂದು ಅವಧಿ ತೋರಿಸುತ್ತದೆ: ಸಿಲಿಂಡರ್ ನಡುವೆ ಇಲ್ಲ, ಅಥವಾ ಇನ್ನೊಂದು ನಾರು ಹತ್ತಿರ ಹಾದುಹೋಗುತ್ತಿದೆ.

ಪಲ್ಟಿಯೇ ಬರುತ್ತಿಲ್ಲ: ನಾರು ಮೇಲ್ಮೈಗೆ ಅಂಟಿದೆಯೇ ನೋಡಿ. ಇಲ್ಲದಿದ್ದರೆ ಇನ್ನಷ್ಟು ಕಾಯಿರಿ. ಉದ್ದದ ನಾರು ಬಳಸಿದ್ದರೆ ಐದಾರು ಸುತ್ತು ಮಲಗಿಯೇ ಇರುತ್ತದೆ.

ಸುತ್ತು ಹೋದಂತೆ ನಾರು ಮೇಲಿಂದ ಗಿಡ್ಡವಾಗುತ್ತಾ ಚುಕ್ಕೆಯಾಗುತ್ತದೆ: ಗುಳ್ಳೆ, ಬಾಗು, ಅಥವಾ ಎಳೆತ ಇರುವ ದ್ರವ. ಹಂತ 4ಕ್ಕೆ ವಾಪಸ್ ಹೋಗಿ.

ಕೋಣೆ 20ರಿಂದ 30 ಡಿಗ್ರಿಗೆ ಬಿಸಿಯಾಗಿದೆ, ಗ್ಲಿಸರಿನ್ ಅರ್ಧಕ್ಕಿಂತ ತೆಳ್ಳಗಾಗಿದೆ, ಅದಕ್ಕೇ ಅವಧಿ ತಪ್ಪಿತು ಅನ್ನುತ್ತೀರಾ? ಸುತ್ತಿನ ಲೆಕ್ಕದಲ್ಲಿ ಜಿಗುಟಿಗೆ ಜಾಗವೇ ಇಲ್ಲ. ನಾರು ಸ್ವಲ್ಪ ಬೇಗ ಮೇಲೇರುತ್ತದೆ, ಅಷ್ಟೇ. ಬೇರೆ ಕಾರಣ ಹುಡುಕಿ.